ನೀರಿನ ಮೇಲೆ ಎಳೆಯುವ ಗಾಳಿ ಟ್ಯೂಬುಗಳ ಸೋರಿಕೆ: ಪತ್ತೆ ಮತ್ತು ದುರಸ್ತಿ

ಗೋವಾದ ಕಲಂಗುಟ್, ಬಾಗಾ, ಕೋಲ್ವಾ ಕಡಲತೀರಗಳಲ್ಲಿ ದೋಣಿಯ ಹಿಂದೆ ಎಳೆಯುವ ಬನಾನಾ (ಬಾಳೆಹಣ್ಣಿನಂತೆ ಉದ್ದನೆಯದು), ಬಂಪರ್ ಮತ್ತು ದುಂಡು ಟ್ಯೂಬುಗಳಿಗೆ ಗಾಳಿ ತುಂಬುವ, ಅವನ್ನು ತೊಳೆಯುವ, ಹರಿದಾಗ ತೇಪೆ ಹಾಕುವ ಕೆಲಸದಲ್ಲಿ ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆಯಿಂದ ಬಂದ ನಮ್ಮ ಹುಡುಗರೂ ಇದ್ದಾರೆ. ಈ ಬರಹವನ್ನು ಮುಖ್ಯವಾಗಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಪಡಿಸಿದ್ದೇನೆ. ರಜೆಯಲ್ಲಿ ಮಕ್ಕಳಿಗೆಂದು ಈಜು ಬಳೆಯನ್ನೋ ಗಾಳಿ ಹಾಸಿಗೆಯನ್ನೋ ತಂದವರಿಗೂ ಇದರ ಬಹುಭಾಗ ಉಪಯೋಗಕ್ಕೆ ಬರುತ್ತದೆ. ಹಾಕಿದ ತೇಪೆ ವಾರದೊಳಗೆ ಎದ್ದು ಬಂದಾಗ ಎಲ್ಲರೂ ಅಂಟನ್ನು ದೂರುತ್ತಾರೆ. ಆದರೆ ಗಾಳಿ ಎಲ್ಲಿಂದ ಹೋಗುತ್ತಿದೆ, ಟ್ಯೂಬು ಯಾವ ವಸ್ತುವಿನದು, ಆ ಜಾಗದ ಮೇಲೆ ಎಷ್ಟು ಎಳೆತ ಬೀಳುತ್ತದೆ ಎಂಬ ಮೂರು ಸಂಗತಿಗಳನ್ನು ತಿಳಿಯುವ ಮೊದಲೇ ಅಂಟಿನ ಡಬ್ಬಿಯ ಮುಚ್ಚಳ ತೆರೆದಿರುವುದೇ ಹೆಚ್ಚಿನ ವೈಫಲ್ಯಗಳಿಗೆ ಕಾರಣ. ಆದ್ದರಿಂದ ಇಲ್ಲಿ ಅಂಟಿನ ಮಾತು ತಡವಾಗಿ ಬರುತ್ತದೆ.

ಇದು ಸೋರಿಕೆಯೋ, ಗಾಳಿ ತಣ್ಣಗಾದದ್ದೋ?

"ಅಣ್ಣಾ, ಬೆಳಿಗ್ಗೆ ಗಟ್ಟಿಯಾಗಿ ತುಂಬಿದ್ದೆ, ನೀರಿಗೆ ಇಳಿಸಿದ ಕೂಡಲೇ ಮೆತ್ತಗಾಯಿತು" ಎಂಬ ದೂರಿನ ಹಿಂದೆ ಹಲವು ಸಲ ತೂತೇ ಇರುವುದಿಲ್ಲ. ಮುಚ್ಚಿದ ಟ್ಯೂಬಿನೊಳಗಿನ ಗಾಳಿಯ ಒತ್ತಡ ಅದರ ಉಷ್ಣತೆಯೊಂದಿಗೆ ಏರಿಳಿಯುತ್ತದೆ, ಮತ್ತು ಈ ಏರಿಳಿತದ ಲೆಕ್ಕವನ್ನು ಮಾಪಕ ತೋರಿಸುವ ಒತ್ತಡದಿಂದ ಅಲ್ಲ, ಅದಕ್ಕೆ ವಾತಾವರಣದ 14.7 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಸೇರಿಸಿ ಬರುವ ಒಟ್ಟು ಒತ್ತಡದಿಂದ ಮಾಡಬೇಕು. ಬಿಸಿಲಿನ ಮರಳಿನ ಮೇಲೆ, ಒಳಗಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಇರುವಾಗ, 2 ಪಿಎಸ್‌ಐ ತುಂಬಿದ ಟ್ಯೂಬನ್ನು 28 ಡಿಗ್ರಿಯ ಸಮುದ್ರಕ್ಕೆ ಇಳಿಸಿದರೆ ಒಟ್ಟು ಒತ್ತಡ 16.7ರಿಂದ ಸುಮಾರು 16.06ಕ್ಕೆ ಇಳಿಯುತ್ತದೆ. ಅಂದರೆ ಮಾಪಕದಲ್ಲಿ 2 ಇದ್ದದ್ದು 1.36ರ ಹತ್ತಿರ ಬರುತ್ತದೆ. ಒಂದು ಗುಳ್ಳೆಯಷ್ಟು ಗಾಳಿಯೂ ಹೊರಗೆ ಹೋಗದೆ ಮೂರನೇ ಒಂದು ಭಾಗ ಒತ್ತಡ ಇಲ್ಲವಾಗುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಇನ್ನೂ ಗಂಭೀರವಾದ ವಿಷಯ ಕಾಣುತ್ತದೆ. ಬೆಳಿಗ್ಗೆ 26 ಡಿಗ್ರಿಯಲ್ಲಿ 2 ಪಿಎಸ್‌ಐ ತುಂಬಿ, ಗಿರಾಕಿಗಳಿಗಾಗಿ ಕಾಯುತ್ತಾ ಮಧ್ಯಾಹ್ನದವರೆಗೆ ಬಿಸಿಲಿನಲ್ಲೇ ಬಿಟ್ಟ ಟ್ಯೂಬಿನ ಒಳಗಾಳಿ 50 ಡಿಗ್ರಿ ಮುಟ್ಟಿದರೆ, ಮಾಪಕದ ಒತ್ತಡ 3.3 ಪಿಎಸ್‌ಐ ದಾಟುತ್ತದೆ. ಟ್ಯೂಬಿನ ಬಟ್ಟೆ ಕೊಂಚ ಹಿಗ್ಗುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಆದರೂ ಒಳಗಿನ ಅಡ್ಡಗೋಡೆಗಳು ಕಿತ್ತುಹೋಗುವುದಕ್ಕೆ, ಬೆಸುಗೆ ಅಂಚುಗಳು ಬಿಚ್ಚುವುದಕ್ಕೆ ಇಷ್ಟು ಸಾಕು. ಮೆತ್ತಗಾಯಿತೆಂದು ನೀರಿನಲ್ಲಿ ಮತ್ತೆ ಗಾಳಿ ತುಂಬಿ, ಅದೇ ಟ್ಯೂಬನ್ನು ಮರಳಿನ ಮೇಲೆ ಬಿಸಿಲಿಗೆ ಎಳೆದು ಹಾಕುವವರು ಇಲ್ಲದ ಸೋರಿಕೆಯೊಂದನ್ನು ತಾವೇ ಹುಟ್ಟಿಸುತ್ತಾರೆ. ನೀರಿನಲ್ಲಿ ತುಂಬಿಸಿದ ಟ್ಯೂಬನ್ನು ದಡಕ್ಕೆ ತಂದಾಗ ಸ್ವಲ್ಪ ಗಾಳಿ ಬಿಡಬೇಕು ಅಥವಾ ನೆರಳಿನಲ್ಲಿಡಬೇಕು. ಇವೆರಡೂ ಸಾಧ್ಯವಿಲ್ಲದಿದ್ದರೆ ಅದರ ಮೇಲೆ ಆಗಾಗ ನೀರು ಎರಚುತ್ತಿರಬೇಕು.

ಹೊಸ ಟ್ಯೂಬಿನ ವಿಷಯದಲ್ಲಿ ಇನ್ನೊಂದು ಮಾತು. ಪಿವಿಸಿ ಮೊದಲ ಸಲ ಗಾಳಿ ಕುಡಿದಾಗ ಹಿಗ್ಗುತ್ತದೆ, ಹಿಗ್ಗಿದಷ್ಟೂ ಒತ್ತಡ ಇಳಿಯುತ್ತದೆ. ತುಂಬಿ ಒಂದು ಗಂಟೆ ಬಿಟ್ಟು, ಕಡಿಮೆಯಾದಷ್ಟನ್ನು ಮತ್ತೆ ತುಂಬಿದ ಮೇಲೆಯೇ ಪರೀಕ್ಷೆಯನ್ನು ಆರಂಭಿಸಬೇಕು.

ಗೌಂಡಿಯ ಲೆವೆಲ್ ಪೈಪಿನಿಂದ ಒತ್ತಡ ಅಳೆಯುವುದು

ಸೋರಿಕೆ ಇದೆಯೇ ಎಂಬ ಪ್ರಶ್ನೆಗೆ ಕೈಯಿಂದ ಒತ್ತಿ ನೋಡಿ ಉತ್ತರ ಹೇಳಲಾಗದು. ಪೇಟೆಯಲ್ಲಿ ಸಿಗುವ ಕಾರಿನ ಟಯರು ಮಾಪಕವೂ ಇಲ್ಲಿ ಕೆಲಸಕ್ಕೆ ಬಾರದು. 30–40 ಪಿಎಸ್‌ಐಗೆಂದು ಮಾಡಿದ ಅದರ ಮುಳ್ಳು 1 ಮತ್ತು 2ರ ನಡುವಿನ ವ್ಯತ್ಯಾಸವನ್ನು ನಂಬುವಂತೆ ತೋರಿಸುವುದಿಲ್ಲ. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಇದಕ್ಕೆ ಹೇಳಿ ಮಾಡಿಸಿದ ಸಾಧನ. ಅದನ್ನು ಗೋಡೆಯ ಮೇಲೆ ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಟ್ಯೂಬಿಗೆ ಜೋಡಿಸಿ ಇನ್ನೊಂದನ್ನು ತೆರೆದಿಟ್ಟರೆ, ಎರಡು ಬದಿಯ ನೀರಿನ ಮಟ್ಟಗಳ ನಡುವಿನ ಎತ್ತರವೇ ಒತ್ತಡದ ಅಳತೆಯಾಗುತ್ತದೆ. 1 ಪಿಎಸ್‌ಐ ಎಂದರೆ ಸುಮಾರು 70 ಸೆಂಟಿಮೀಟರ್ ನೀರು. ಯಾವ ಅಗ್ಗದ ಮಾಪಕವೂ ತೋರಿಸದ ಸಣ್ಣ ಇಳಿತ ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ.

ಜೋಡಿಸುವ ಬಗೆಯಲ್ಲಿ ಒಂದು ಜಾಣತನವಿದೆ. ವಾಲ್ವಿನ ನಡುವಿನ ಭಾಗವನ್ನು ಬಿಚ್ಚಿ ತೆಗೆದು, ಆ ಬಾಯಿಗೆ ರಬ್ಬರ್ ಬಿರಡೆಯೊಂದನ್ನು ಬಿಗಿದು, ಬಿರಡೆಯಲ್ಲಿ ಕೂರಿಸಿದ ಟಿ ಜಾಯಿಂಟಿನ ಒಂದು ಕವಲಿಗೆ ಪಂಪನ್ನೂ ಇನ್ನೊಂದಕ್ಕೆ ನೀರಿನ ಪೈಪನ್ನೂ ಹಾಕಬೇಕು. ಗಾಳಿ ತುಂಬಿದ ಮೇಲೆ ಪಂಪಿನ ಕವಲನ್ನು ಕ್ಲಿಪ್ಪಿನಿಂದ ಹಿಸುಕಿ ಮುಚ್ಚಬೇಕು. ಈ ಪರೀಕ್ಷೆಯಲ್ಲಿ ವಾಲ್ವ್ ಹೊರಗಿರುತ್ತದೆ. ಹೀಗೆ ಕಟ್ಟಿದಾಗ ಒತ್ತಡ ನಿಂತು, ವಾಲ್ವನ್ನು ಮರಳಿ ಹಾಕಿದಾಗ ಗಾಳಿ ಹೋದರೆ ದೋಷ ವಾಲ್ವಿನದೇ ಎಂದು ತೀರ್ಮಾನಿಸಬಹುದು. ಪರೀಕ್ಷೆಗೆ 1 ಪಿಎಸ್‌ಐ ಸಾಕು. ಐದು ಸೆಂಟಿಮೀಟರ್ ಅಗಲದ ಬಾಯಿಯ ಬಿರಡೆಯನ್ನು ಅಷ್ಟೇ ಒತ್ತಡ ಸುಮಾರು ಒಂದೂವರೆ ಕಿಲೋ ಭಾರದಷ್ಟು ಬಲದಿಂದ ಹೊರಗೆ ತಳ್ಳುತ್ತದೆ. ಆದ್ದರಿಂದ ಬಿರಡೆಯನ್ನು ಪಟ್ಟಿಯಿಂದ ಕಟ್ಟಲೇಬೇಕು.

ರಾತ್ರಿ ಮಟ್ಟವನ್ನು ಗುರುತು ಮಾಡಿ, ಪಕ್ಕದಲ್ಲಿ ಒಂದು ಉಷ್ಣಮಾಪಕ ತೂಗುಹಾಕಿ, ಮರುದಿನ ಓದಬೇಕು. ಉಷ್ಣತೆ ಒಂದು ಡಿಗ್ರಿ ಇಳಿದರೆ ನೀರಿನ ಮಟ್ಟದ ವ್ಯತ್ಯಾಸ ಸುಮಾರು 3.5ರಿಂದ 4 ಸೆಂಟಿಮೀಟರ್ ಕಡಿಮೆಯಾಗುವುದು ಸಹಜ. ಹೀಗಾಗಿ ರಾತ್ರಿಯಲ್ಲಿ ಮೂರು ಡಿಗ್ರಿ ತಣ್ಣಗಾಗಿ 11 ಸೆಂಟಿಮೀಟರ್ ಇಳಿದಿದ್ದರೆ ಟ್ಯೂಬು ಸರಿಯಾಗಿಯೇ ಇದೆ. ಉಷ್ಣತೆ ಬದಲಾಗದೆ ಅಷ್ಟು ಇಳಿದಿದ್ದರೆ ತೂತು ಹುಡುಕಬೇಕು. ವಾತಾವರಣದ ಒತ್ತಡವೂ ನಮ್ಮ ಕಡಲತೀರದಲ್ಲಿ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ನಾಲ್ಕರ ಸುಮಾರಿಗೆ ಕಡಿಮೆ, ಮತ್ತು ಇದರಿಂದ ನೀರಿನ ಮಟ್ಟ ಎರಡು ಮೂರು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಎರಡು ಓದುಗಳನ್ನೂ ಈ ಒತ್ತಡ ಹೆಚ್ಚಿರುವ ಹೊತ್ತಿಗೇ, ಅಂದರೆ ರಾತ್ರಿ ಹತ್ತಕ್ಕೆ ಮತ್ತು ಬೆಳಿಗ್ಗೆ ಹತ್ತಕ್ಕೆ ತೆಗೆದುಕೊಂಡರೆ ಈ ಗೊಂದಲವೂ ಇರುವುದಿಲ್ಲ.

ಗಾಳಿ ಹೋಗುವ ವೇಗವೂ ದಾರಿ ತೋರಿಸುತ್ತದೆ. ಹತ್ತು ನಿಮಿಷದಲ್ಲಿ ಕುಸಿಯುವ ಟ್ಯೂಬಿನಲ್ಲಿ ಕಣ್ಣಿಗೆ ಕಾಣುವ ಹರಕೋ ಬಾಯಿ ತೆರೆದುಕೊಂಡೇ ಸಿಕ್ಕಿಬಿದ್ದ ವಾಲ್ವೋ ಇರುತ್ತದೆ. ಮಧ್ಯಾಹ್ನದಿಂದ ಸಂಜೆಗೆ ಮೆತ್ತಗಾಗುವುದು ಸಾಮಾನ್ಯವಾಗಿ ಬೆಸುಗೆ ಅಂಚಿನ ಅಥವಾ ಮುಳ್ಳಿನ ತೂತಿನ ಲಕ್ಷಣ. ರಾತ್ರಿ ಕಳೆದು ಬೆಳಗಾಗುವಷ್ಟು ನಿಧಾನವಾದ ಸೋರಿಕೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ವಾಲ್ವನ್ನು.

ವಾಲ್ವ್

ಕಡಲತೀರದಲ್ಲಿ ಕೆಲಸ ಮಾಡುವ ಟ್ಯೂಬುಗಳಲ್ಲಿ ವಾಲ್ವ್ ಸೋರುವುದಕ್ಕೆ ಮರಳಿನ ಒಂದು ಕಣ, ಒಣಗಿದ ಉಪ್ಪಿನ ಒಂದು ಹರಳು ಸಾಕು. ಎಳೆಯುವ ಟ್ಯೂಬುಗಳಲ್ಲಿ ಹೆಚ್ಚಾಗಿ ಕಾಣುವ ಬೋಸ್ಟನ್ ವಾಲ್ವಿಗೆ ಮೂರು ಭಾಗ: ಬಟ್ಟೆಗೆ ಅಂಟಿದ ಬುಡ, ಅದರೊಳಗೆ ತಿರುಚಿ ಕೂರಿಸುವ, ತೆಳುವಾದ ರಬ್ಬರ್ ಪೊರೆಯುಳ್ಳ ನಡುಭಾಗ, ಮತ್ತು ಮೇಲಿನ ಮುಚ್ಚಳ. ಗಾಳಿಯನ್ನು ತಡೆಯುವ ಕೆಲಸ ಆ ಪೊರೆಯದು. ಮುಚ್ಚಳ ಅದಕ್ಕೆ ಆಸರೆ ಮಾತ್ರ. ಆದ್ದರಿಂದ ಪರೀಕ್ಷೆಯನ್ನು ಮುಚ್ಚಳ ತೆರೆದಿಟ್ಟೇ ಮಾಡಬೇಕು. ಬಟ್ಟಲಿನಂಥ ಆ ಬಾಯಿಗೆ ಸಾಬೂನಿನ ನೀರು ಸುರಿದು ನೋಡಿದಾಗ ಗುಳ್ಳೆ ನಡುವಿನಿಂದ ಎದ್ದರೆ ಪೊರೆಯ ದೋಷ, ತಿರುಪಿನ ಸುತ್ತಿನಿಂದ ಎದ್ದರೆ ವಾಷರಿನ ದೋಷ, ಬುಡ ಮತ್ತು ಬಟ್ಟೆ ಸೇರುವ ಗೆರೆಯಿಂದ ಎದ್ದರೆ ಅಂಟಿನ ದೋಷ. ಮೊದಲನೆಯದಕ್ಕೆ ಸಿಹಿನೀರಿನಲ್ಲಿ ತೊಳೆದು ಮೃದುವಾದ ಕುಂಚದಿಂದ ಒರೆಸಿದರೆ ಹೆಚ್ಚಿನ ಸಲ ಸಾಕಾಗುತ್ತದೆ. ಪೊರೆಯ ಅಂಚು ಸುರುಳಿಯಾಗಿದ್ದರೆ ನಡುಭಾಗವನ್ನೇ ಬದಲಿಸಬೇಕು. ಎರಡನೆಯದಕ್ಕೆ ವಾಷರ್ ಬದಲಿಸಬೇಕು. ಮೂರನೆಯದು ದೊಡ್ಡ ಕೆಲಸ. ಬುಡವನ್ನು ಪೂರ್ತಿ ಕಿತ್ತು ಹೊಸದನ್ನು ಕೂರಿಸಬೇಕಾಗುತ್ತದೆ; ಸುತ್ತಲೂ ಅಂಟು ಬಳಿದು ಮುಚ್ಚುವ ಪ್ರಯತ್ನ ನಿಲ್ಲುವುದಿಲ್ಲ.

ಸ್ಪ್ರಿಂಗ್ ಇರುವ ಹಾಲ್ಕಿ-ರಾಬರ್ಟ್ಸ್ ಮಾದರಿಯ ವಾಲ್ವಿನಲ್ಲಿ ನಡುವಿನ ಕಡ್ಡಿಯನ್ನು ಒತ್ತಿ ತಿರುಗಿಸಿದಾಗ ಅದು ತೆರೆದ ಸ್ಥಿತಿಯಲ್ಲಿ ನಿಲ್ಲುತ್ತದೆ. ಗಾಳಿ ಬಿಟ್ಟ ಮೇಲೆ ಅದನ್ನು ಮತ್ತೆ ತಿರುಗಿಸಿ ಮೇಲೆ ಬರಿಸದೆ ಪಂಪು ಹಾಕಿದವರಿಗೆ ತುಂಬಿದ್ದೆಲ್ಲ ಹೊರಗೆ ಬರುವುದು ಕಾಣುತ್ತದೆ, ಮತ್ತು ಅದನ್ನು ಸೋರಿಕೆ ಎಂದು ಹೆದರುವುದು ಸಹಜ. ಈ ವಾಲ್ವಿನ ಎರಡು ಅರ್ಧಗಳು ಬಟ್ಟೆಯನ್ನು ನಡುವೆ ಹಿಡಿದು ತಿರುಪಿನಿಂದ ಬಿಗಿದಿರುತ್ತವೆ. ಅಲುಗಾಟದಿಂದ ಸಡಿಲವಾದಾಗ ಅದಕ್ಕೆಂದೇ ಬರುವ ಪಾನಾದಿಂದ ಕಾಲು ಸುತ್ತು ಬಿಗಿಗೊಳಿಸಿದರೆ ಸರಿಹೋಗುತ್ತದೆ. ವಾಷರಿಗೆ ಸಿಲಿಕೋನ್ ಗ್ರೀಸ್ ಹಚ್ಚುವ ರೂಢಿ ಒಳ್ಳೆಯದೇ. ಆದರೆ ಆ ಗ್ರೀಸ್ ತಾಗಿದ ಕೈಯಿಂದ ಮುಂದೆ ತೇಪೆ ಹಾಕುವ ಜಾಗವನ್ನು ಮುಟ್ಟಬಾರದು, ಏಕೆಂದರೆ ಸಿಲಿಕೋನ್ ಇರುವೆಡೆ ಯಾವ ಅಂಟೂ ಹಿಡಿಯುವುದಿಲ್ಲ.

ತೂತನ್ನು ಹುಡುಕುವುದು

ಅಲೆಗಳ ಸದ್ದಿನಲ್ಲಿ ಗಾಳಿಯ ಸುಯ್ಯೆನ್ನುವ ಶಬ್ದ ಕೇಳಿಸುವುದಿಲ್ಲ, ಕಡಲಗಾಳಿಗೆ ಸಾಬೂನಿನ ಗುಳ್ಳೆ ನಿಲ್ಲುವುದಿಲ್ಲ. ಆದ್ದರಿಂದ ಹುಡುಕುವ ಕೆಲಸವನ್ನು ಗಾಳಿಗೆ ಮರೆ ಇರುವ ಜಾಗದಲ್ಲಿ, ಬೆಳಗಿನ ಹೊತ್ತಿನಲ್ಲಿ ಮಾಡಬೇಕು. ಮೊದಲು ಟ್ಯೂಬನ್ನು ಸಿಹಿನೀರಿನಲ್ಲಿ ತೊಳೆಯಬೇಕು, ಬಳಿಕ ಎಂದಿನ ಒತ್ತಡಕ್ಕೆ ತುಂಬಬೇಕು. ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಧಾರಾಳವಾಗಿ ಬೆರೆಸಿ, ಅಗಲವಾದ ಕುಂಚದಿಂದ ನಿಧಾನವಾಗಿ ಹಚ್ಚಬೇಕು. ಕೈಯಿಂದ ಬಡಿದು ನೊರೆ ಎಬ್ಬಿಸಿದರೆ ನೊರೆಯ ಗುಳ್ಳೆಗೂ ಸೋರಿಕೆಯ ಗುಳ್ಳೆಗೂ ವ್ಯತ್ಯಾಸ ತಿಳಿಯದು. ಹಚ್ಚಿದ ಪ್ರತಿ ಭಾಗದ ಮುಂದೆ ಒಂದು ನಿಮಿಷವಾದರೂ ನಿಂತು ನೋಡಬೇಕು. ಬಹಳ ಸಣ್ಣ ತೂತು ದೊಡ್ಡ ಗುಳ್ಳೆ ಊದುವುದಿಲ್ಲ, ಬಿಳಿಯ ಸಣ್ಣ ನೊರೆಯ ಚುಕ್ಕೆಯನ್ನು ಮೆಲ್ಲನೆ ಬೆಳೆಸುತ್ತದೆ. ಕಂಡ ಕೂಡಲೇ ಅಳಿಯದ ಮಾರ್ಕರಿನಿಂದ ತೂತಿನ ಮೇಲಲ್ಲ, ಅದರ ಸುತ್ತ ದೊಡ್ಡ ವೃತ್ತವಾಗಿ ಗುರುತು ಹಾಕಬೇಕು. ಒಂದು ಸಿಕ್ಕಿತೆಂದು ನಿಲ್ಲಿಸದೆ ಇಡೀ ಟ್ಯೂಬನ್ನು ನೋಡಿ ಮುಗಿಸಬೇಕು.

ಎಲ್ಲಿ ಮೊದಲು ನೋಡಬೇಕೆಂಬುದಕ್ಕೆ ಟ್ಯೂಬಿನ ದಿನಚರಿಯೇ ಉತ್ತರ ಹೇಳುತ್ತದೆ. ಬನಾನಾವನ್ನು ಮರಳಿನ ಮೇಲೆ ಎಳೆದು ತರುವಾಗ ಹೊಟ್ಟೆಯ ಭಾಗವೂ ಬದಿಯ ಆಸರೆ ಟ್ಯೂಬುಗಳ ತಳವೂ ಸವೆಯುತ್ತವೆ. ಕೆಂಪುಕಲ್ಲಿನ ಬಂಡೆಗಳಿರುವ ತೀರದಲ್ಲಿ ಕಲ್ಲಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಇಂಥ ಗಾಯ ಚಿಕ್ಕದು, ನೇರ, ಒತ್ತಡವಿಲ್ಲದಾಗ ಬಾಯಿ ಮುಚ್ಚಿಕೊಂಡಿರುವಂಥದ್ದು. ಮೇಲ್ಭಾಗದಲ್ಲಿ ಕೂರುವವರ ಬಳೆ, ಬೆಲ್ಟಿನ ಕೊಕ್ಕೆ, ಕಾಲುಗೆಜ್ಜೆ ತಾಗುವ ಜಾಗಗಳನ್ನು ನೋಡಬೇಕು. ಮುಂದಿನ ತುದಿಯಲ್ಲಿ ಹಗ್ಗ ಕಟ್ಟುವ ಉಂಗುರದ ತಳದ ತೇಪೆ ಎಲ್ಲಕ್ಕಿಂತ ಹೆಚ್ಚು ಎಳೆತ ಉಣ್ಣುವ ಸ್ಥಳ. ಅದರ ಅಂಚು ಒಂದು ಬದಿಯಲ್ಲಿ ಎದ್ದಿದ್ದರೆ ಕೆಳಗಿನ ಬಟ್ಟೆಯೂ ಹರಿಯತೊಡಗಿದೆ ಎಂದೇ ತಿಳಿಯಬೇಕು.

ದಪ್ಪ ಬಟ್ಟೆಯ ಟ್ಯೂಬುಗಳಲ್ಲಿ ಗುಳ್ಳೆ ಎದ್ದ ಜಾಗವೇ ತೂತಿನ ಜಾಗವಲ್ಲದಿರಬಹುದು. ಈ ಬಟ್ಟೆಯ ನಡುವೆ ಪಾಲಿಯೆಸ್ಟರ್ ನೂಲಿನ ಜಾಲವಿದ್ದು ಎರಡು ಕಡೆ ಪಿವಿಸಿ ಲೇಪ ಇರುತ್ತದೆ. ಒಳಲೇಪದಲ್ಲಿ ಬಿರುಕು ಬಿಟ್ಟರೆ ಗಾಳಿ ನೂಲಿನ ಎಳೆಗಳ ಗುಂಟ ಬಹುದೂರ ಸಾಗಿ, ಬಟ್ಟೆಯ ಕತ್ತರಿಸಿದ ಅಂಚು ಎಲ್ಲಿ ತೆರೆದಿದೆಯೋ ಅಲ್ಲಿ, ಸಾಮಾನ್ಯವಾಗಿ ಬೆಸುಗೆಯ ತುದಿಯಲ್ಲಿ, ಹೊರಗೆ ಬರುತ್ತದೆ. ಬೆಸುಗೆ ಗಟ್ಟಿಯಾಗಿದ್ದೂ ಅದರ ಅಂಚಿನಿಂದ ಸಾಲಾಗಿ ಸಣ್ಣ ಗುಳ್ಳೆ ಬರುತ್ತಿದ್ದರೆ ಇದನ್ನು ಅನುಮಾನಿಸಬೇಕು. ಆಗ ಬೆಸುಗೆಯ ಮೇಲೆ ಪಟ್ಟಿ ಹಾಕಿದರೆ ಗಾಳಿ ಇನ್ನೊಂದು ತುದಿಯನ್ನು ಹುಡುಕಿಕೊಳ್ಳುತ್ತದೆ. ವಾಲ್ವಿನ ಬಾಯಿಯಿಂದ ಒಳಗೆ ಸುರಿದು, ಟ್ಯೂಬನ್ನು ಎಲ್ಲ ಬದಿಗೂ ಹೊರಳಿಸಿ ಒಳಮೈಗೆ ಹರಡಿಸುವ ದ್ರವರೂಪದ ಸೀಲಂಟು ಇಂಥ ನಿಧಾನದ ಸೋರಿಕೆಗೆ ನಿಜವಾಗಿ ಪ್ರಯೋಜನಕ್ಕೆ ಬರುತ್ತದೆ.

ಹೊರಗೆಲ್ಲೂ ಗುಳ್ಳೆ ಕಾಣದೆ, ಟ್ಯೂಬಿನೊಳಗೆ ಬೇರೆ ಬೇರೆಯಾಗಿ ಗಾಳಿ ತುಂಬುವ ಕೋಣೆಗಳಲ್ಲಿ ಒಂದು ಮಾತ್ರ ಮೆತ್ತಗಾಗುತ್ತಿದ್ದರೆ, ಪಕ್ಕದ ಕೋಣೆ ಗಟ್ಟಿಯಾಗುತ್ತಿದೆಯೇ ನೋಡಬೇಕು. ಎಲ್ಲ ಕೋಣೆಗಳನ್ನೂ ಖಾಲಿ ಮಾಡಿ ಒಂದನ್ನೇ ತುಂಬಿದಾಗ ಪಕ್ಕದ್ದು ತಾನಾಗಿ ಉಬ್ಬಿದರೆ ನಡುಗೋಡೆ ಹರಿದಿದೆ. ಇದನ್ನು ಹೊರಗಿನಿಂದ ಸರಿಪಡಿಸಲಾಗದು. ಹೊರಬಟ್ಟೆಯನ್ನು ಕೊಯ್ದು ಒಳಗೆ ತೇಪೆ ಹಾಕಿ ಮತ್ತೆ ಮುಚ್ಚುವ ಕೆಲಸ ಬಿಸಿಗಾಳಿ ಬೆಸುಗೆಯ ಅನುಭವ ಇರುವವರದು.

ನೈಲಾನ್ ಹೊದಿಕೆಯ ಟ್ಯೂಬಿನಲ್ಲಿ ಜಿಪ್ ಬಿಚ್ಚಿ ಒಳಚೀಲವನ್ನು ಹೊರತೆಗೆದೇ ಪರೀಕ್ಷಿಸಬೇಕು. ಹೊದಿಕೆಯ ಆಸರೆ ಇಲ್ಲದೆ ಒಳಚೀಲಕ್ಕೆ ಪೂರ್ತಿ ಒತ್ತಡ ಕೊಟ್ಟರೆ ಅದು ಬಲೂನಿನಂತೆ ಹಿಗ್ಗಿ ಕೆಡುತ್ತದೆ, ಆದ್ದರಿಂದ ಸುಕ್ಕು ಹೋಗುವಷ್ಟು ಗಾಳಿ ಸಾಕು. ತೂತು ಸಿಕ್ಕ ಮೇಲೆ ಹೊದಿಕೆಯಲ್ಲಿ ಅದಕ್ಕೆ ಎದುರಾದ ಜಾಗವನ್ನು ಬೆರಳಿನಿಂದ ತಡವಿ, ಸಿಕ್ಕಿಕೊಂಡ ಮುಳ್ಳು, ಮೀನಿನ ಗಾಳ, ಚಿಪ್ಪಿನ ಚೂರು ಇದ್ದರೆ ತೆಗೆಯದೆ ಚೀಲವನ್ನು ಮರಳಿ ಹಾಕಬಾರದು.

ಟ್ಯೂಬು ಯಾವುದರಿಂದ ಆದದ್ದು

ಎಳೆಯುವ ದಪ್ಪ ಟ್ಯೂಬುಗಳು ಬಹುತೇಕ 0.9 ಮಿಲಿಮೀಟರ್ ದಪ್ಪದ ಪಿವಿಸಿ ಲೇಪಿತ ಬಟ್ಟೆಯವು, ಲಾರಿಯ ತಾಡಪತ್ರಿಯ ಜಾತಿಗೇ ಸೇರಿದವು. ಕೆಲವು ಹಳೆಯ, ಬೆಲೆಬಾಳುವ ದೋಣಿಗಳೂ ಟ್ಯೂಬುಗಳೂ ಹೈಪಲಾನ್ ಎಂಬ ಕೃತಕ ರಬ್ಬರಿನವು. ಒಳಚೀಲಗಳು ಪಿವಿಸಿಯವು ಅಥವಾ ಟಿಪಿಯು ಎಂಬ ಪ್ಲಾಸ್ಟಿಕ್ಕಿನವು. ಈಜಲು ಬಳಸುವ ಲಾರಿ ಟ್ಯೂಬು ಬ್ಯುಟೈಲ್ ರಬ್ಬರಿನದು, ಅದಕ್ಕೆ ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ ಸಾಕು. ಅದೇ ಸಲ್ಯೂಷನ್ ಪಿವಿಸಿಯ ಮೇಲೆ ಹಿಡಿಯುವುದೇ ಇಲ್ಲ.

ಗುರುತಿಸಲು, ಕಾಣದ ಮೂಲೆಯಲ್ಲಿ ಬಟ್ಟೆಯ ತುಂಡನ್ನು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕದಲ್ಲಿ ಅದ್ದಿ ಉಜ್ಜಿ ನೋಡಬೇಕು. ಪಿವಿಸಿ ಕೆಲವೇ ಕ್ಷಣಗಳಲ್ಲಿ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಹೈಪಲಾನ್ ಬಣ್ಣ ಬಿಡಬಹುದು, ಆದರೆ ಹಾಗೆ ಅಂಟಂಟಾಗುವುದಿಲ್ಲ, ಅದರ ಒಳಮೈ ಸಾಮಾನ್ಯವಾಗಿ ಹೊಳಪಿಲ್ಲದ ಬೂದು ಅಥವಾ ಕಪ್ಪು. ಒಳಚೀಲ ಪಿವಿಸಿಯೋ ಟಿಪಿಯುವೋ ಎಂಬ ಸಂಶಯಕ್ಕೆ ತಾಮ್ರದ ತಂತಿಯ ಪರೀಕ್ಷೆ ಇದೆ. ಕಾಯಿಸಿದ ತಂತಿಯನ್ನು ಚೀಲದ ಅಂಚಿಗೆ ತಾಗಿಸಿ, ಕೊಂಚ ಪ್ಲಾಸ್ಟಿಕ್ ಅಂಟಿಕೊಂಡ ಆ ತಂತಿಯನ್ನು ಮತ್ತೆ ಉರಿಗೆ ಹಿಡಿದಾಗ ಉರಿ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಆ ಹೊಗೆ ವಿಷಕಾರಿಯಾದ್ದರಿಂದ ಇದನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ದ್ರಾವಕದ ಡಬ್ಬಿಗಳಿಂದ ದೂರದಲ್ಲಿ ಮಾಡಬೇಕು.

ಅಂಟು ಮತ್ತು ತೇಪೆ

ಪಿವಿಸಿಗೆ ಬೇಕಾದದ್ದು ಗಟ್ಟಿಕಾರಕ ಬೆರೆಸುವ ಎರಡು ಭಾಗದ ಪಾಲಿಯುರೆಥೇನ್ ಅಂಟು. ಚಪ್ಪಲಿ ಹೊಲಿಯುವವರೂ ಬಡಗಿಗಳೂ ಬಳಸುವ ಹಳದಿ ರಬ್ಬರ್ ಅಂಟು ಮೊದಲ ದಿನ ಎಷ್ಟೇ ಗಟ್ಟಿಯಾಗಿ ಕಂಡರೂ ಪಿವಿಸಿಯ ಮೇಲೆ ಬಾಳುವುದಿಲ್ಲ. ಮೆದು ಪಿವಿಸಿಯಲ್ಲಿ ಅದನ್ನು ಮೆದುವಾಗಿಸಲೆಂದೇ ಸೇರಿಸಿದ ಎಣ್ಣೆಯಂಥ ಪದಾರ್ಥ ಇರುತ್ತದೆ. ಅದು ನಿಧಾನವಾಗಿ ಅಂಟಿನೊಳಗೆ ಇಳಿದು, ಕೆಲವು ವಾರಗಳಲ್ಲಿ ಅಂಟನ್ನು ಜಿಗುಟಾದ ರಾಡಿಯನ್ನಾಗಿ ಮಾಡುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟುಗಳು ಗಾಜಿನಂತೆ ಗಡಸಾಗಿ, ಟ್ಯೂಬು ಬಾಗಿದಾಗ ಸಿಡಿಯುತ್ತವೆ. ಕೊಳಾಯಿ ಪೈಪಿನ ಸಿಮೆಂಟು ಗಡಸು ಪಿವಿಸಿಗಾಗಿ ಇರುವಂಥದ್ದು, ಇಲ್ಲಿ ಸಲ್ಲದು. ಹೈಪಲಾನಿಗೆ ಮಾತ್ರ ನಿಯೋಪ್ರೀನ್ ಆಧಾರದ, ಗಟ್ಟಿಕಾರಕ ಬೆರೆಸುವ ಅಂಟು ಸರಿಯಾದದ್ದು.

ತೇಪೆಯ ಬಟ್ಟೆ ಟ್ಯೂಬಿನಷ್ಟೇ ಬಲವಾಗಿರಬೇಕೆಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಉರುಳೆಯಾಕಾರದ ಟ್ಯೂಬಿನ ಬಟ್ಟೆಯ ಮೇಲಿನ ಎಳೆತ ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧ. 2 ಪಿಎಸ್‌ಐ ತುಂಬಿದ, 60 ಸೆಂಟಿಮೀಟರ್ ಅಡ್ಡಳತೆಯ ಬನಾನಾದಲ್ಲಿ ಬಟ್ಟೆಯ ಪ್ರತಿ ಐದು ಸೆಂಟಿಮೀಟರ್ ಅಗಲದ ಪಟ್ಟಿ, ಯಾರೂ ಕೂರದೆ ಸುಮ್ಮನೆ ನಿಂತಾಗಲೇ, ಸುಮಾರು 21 ಕಿಲೋ ತೂಕ ತೂಗುಹಾಕಿದಷ್ಟು ಎಳೆತ ಹೊರುತ್ತದೆ. 0.3 ಪಿಎಸ್‌ಐ ತುಂಬಿದ, 16 ಸೆಂಟಿಮೀಟರ್ ಅಡ್ಡಳತೆಯ ಮಕ್ಕಳ ಬಳೆಯಲ್ಲಿ ಅದೇ ಅಗಲದ ಪಟ್ಟಿಯ ಮೇಲಿನ ಎಳೆತ ಒಂದು ಕಿಲೋಗೂ ಕಡಿಮೆ. ಮನೆಯಲ್ಲಿ ಬಳೆಗೆ ಹಾಕಿದ ಪಾರದರ್ಶಕ ತೇಪೆ ವರ್ಷಗಟ್ಟಲೆ ನಿಂತಿತೆಂದು ಅದನ್ನೇ ಬನಾನಾಕ್ಕೆ ಹಾಕಲಾಗದು. ಜಾಹೀರಾತಿನ ಫ್ಲೆಕ್ಸ್ ಬ್ಯಾನರಿನ ತುಂಡನ್ನೂ ನಾನು ಒಪ್ಪುವುದಿಲ್ಲ. ಅದೂ ಪಿವಿಸಿಯೇ ಆದರೂ ನೂಲು ವಿರಳ, ಲೇಪ ತೆಳು.

ಅಂಟಿದ ತೇಪೆ ಜಾರುವ ದಿಕ್ಕಿನ ಎಳೆತವನ್ನು ಬಹಳಷ್ಟು ತಾಳಿಕೊಳ್ಳುತ್ತದೆ, ಸುಲಿಯುವ ದಿಕ್ಕಿನ ಎಳೆತವನ್ನು ತಾಳಿಕೊಳ್ಳುವುದಿಲ್ಲ. ಗೋಡೆಗೆ ಮೆತ್ತಿದ ಭಿತ್ತಿಪತ್ರವನ್ನು ಜಾರಿಸಲಾಗದಿದ್ದರೂ ಮೂಲೆ ಹಿಡಿದು ಸುಲಭವಾಗಿ ಕೀಳಬಹುದಷ್ಟೆ. ಈ ಒಂದು ಗುಣದಿಂದಲೇ ತೇಪೆಯ ಎಲ್ಲ ನಿಯಮಗಳೂ ಹುಟ್ಟುತ್ತವೆ. ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಏಕೆಂದರೆ ಸುಲಿಯುವುದು ಮೂಲೆಯಿಂದ ಆರಂಭವಾಗುತ್ತದೆ. ಹರಕಿನ ಎಲ್ಲ ಬದಿಗೂ ಐದು ಸೆಂಟಿಮೀಟರ್ ದಾಟುವಂತೆ ತೇಪೆ ಇರಬೇಕು. ಎರಡು ಮೂರು ಸೆಂಟಿಮೀಟರಿಗಿಂತ ಉದ್ದನೆಯ ಹರಕಿಗೆ ಮೊದಲು ಒಳಗಿನಿಂದ ಒಂದು ತೇಪೆ ಹಾಕಬೇಕು. ಒಳತೇಪೆಯನ್ನು ಗಾಳಿಯ ಒತ್ತಡವೇ ಬಟ್ಟೆಗೆ ಅದುಮಿ ಹಿಡಿಯುತ್ತದೆ, ಹೊರತೇಪೆಯನ್ನು ಅದು ಎತ್ತಲು ನೋಡುತ್ತದೆ. ಮಡಚಿದ ಒಳತೇಪೆಯನ್ನು ಹರಕಿನೊಳಗಿಂದಲೇ ತೂರಿಸಿ ಬಿಡಿಸಿ, ಹರಿದ ಎರಡು ಅಂಚುಗಳನ್ನು ಒಂದರ ಮೇಲೊಂದು ಬರದಂತೆ ಕೂಡಿಸಿ ಅಂಟಿಸಬೇಕು.

ಗಾಳಿ ಪೂರ್ತಿ ಬಿಟ್ಟು, ಹರಕಿನ ಭಾಗವನ್ನು ಸಮತಟ್ಟಾದ ಹಲಗೆಯ ಮೇಲೆ ಹರಡಬೇಕು. ಸಾಬೂನು, ಉಪ್ಪು, ಬಿಸಿಲಿನ ಕ್ರೀಮು, ತೆಂಗಿನೆಣ್ಣೆಯ ಅಂಶ ಉಳಿಯದಂತೆ ಸಿಹಿನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿದ ಮೇಲೆ, ಎಂಇಕೆ ಅದ್ದಿದ ಬಿಳಿ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ಹೈಪಲಾನನ್ನು ಪಾಲಿಶ್ ಕಾಗದದಿಂದ ತರಿತರಿಯಾಗುವಂತೆ ಉಜ್ಜಬೇಕು. ಪಿವಿಸಿಯನ್ನು ಹಾಗೆ ಉಜ್ಜಿದರೆ ಲೇಪ ಹೋಗಿ ನೂಲು ಹೊರಬೀಳುತ್ತದೆ, ಅದಕ್ಕೆ ದ್ರಾವಕವೇ ಸಾಕು. ಅಂಟಿಗೆ ಗಟ್ಟಿಕಾರಕವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ತೂಕದ ನೂರಕ್ಕೆ ಐದರ ಸುಮಾರಿಗೆ, ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ಬಾಟಲಿಯೊಳಗೆ ಮಂಜಾಗಿಯೋ ಲೋಳೆಯಾಗಿಯೋ ಕಾಣುವ ಗಟ್ಟಿಕಾರಕ ತೇವ ಕುಡಿದು ಸತ್ತಿರುತ್ತದೆ, ಅದನ್ನು ಎಸೆಯಬೇಕು. ತೇಪೆಗೂ ಟ್ಯೂಬಿಗೂ ತೆಳುವಾದ ಮೊದಲ ಲೇಪ ಹಚ್ಚಿ ಹದಿನೈದಿಪ್ಪತ್ತು ನಿಮಿಷ ಒಣಗಲು ಬಿಟ್ಟು, ಎರಡನೆಯದನ್ನು ಹಚ್ಚಿ, ಬೆರಳ ಗೆಣ್ಣು ತಾಗಿಸಿದಾಗ ಜಿಗುಟಿದ್ದೂ ಅಂಟು ಕೈಗೆ ಬರದಿರುವ ಹದಕ್ಕೆ ಕಾದು, ಒಂದು ಅಂಚಿನಿಂದ ಮೆಲ್ಲನೆ ಇಳಿಸುತ್ತಾ ಕೂರಿಸಬೇಕು. ಬಳಿಕ ನಡುವಿನಿಂದ ಅಂಚಿನ ಕಡೆಗೆ ಗಡಸು ರೋಲರಿನಿಂದ, ಇಲ್ಲದಿದ್ದರೆ ಚಮಚದ ಬೆನ್ನಿನಿಂದ, ತೋಳಿನ ಬಲವೆಲ್ಲ ಹಾಕಿ ಉಜ್ಜಬೇಕು. 24 ಗಂಟೆ ಗಾಳಿ ತುಂಬಬಾರದು. ದೋಣಿಯ ಹಿಂದೆ ಎಳೆಯುವ ಟ್ಯೂಬಿಗೆ 72 ಗಂಟೆ ಬಿಡುವುದು ಕ್ಷೇಮ.

ಗೋವಾದ ಹವೆಯಲ್ಲಿ ಈ ಕೆಲಸದ ದೊಡ್ಡ ಶತ್ರು ತೇವ. ಗಟ್ಟಿಕಾರಕದಲ್ಲಿನ ಐಸೊಸಯನೇಟ್ ಎಂಬ ರಾಸಾಯನಿಕ ಅಂಟಿನೊಡನೆ ಕೂಡುವ ಬದಲು ಗಾಳಿಯ ನೀರಿನೊಡನೆ ಕೂಡಿ ಸಣ್ಣ ಗುಳ್ಳೆಗಳನ್ನು ಹುಟ್ಟಿಸುತ್ತದೆ. ಜೊತೆಗೆ ದ್ರಾವಕ ಬೇಗ ಆರುವಾಗ ಅಂಟಿನ ಮೈ ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ, ಆ ತಣ್ಣನೆಯ ಮೈಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂರುತ್ತದೆ, ಮತ್ತು ತೇಪೆ ಆ ಇಬ್ಬನಿಯ ಮೇಲೆ ಕೂರುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ, ಆರ್ದ್ರತೆ ಶೇಕಡ 80 ದಾಟಿರುವ ದಿನಗಳಲ್ಲಿ, ಸಮುದ್ರದ ಆಟಗಳು ನಿಂತು ಬಿಡುವಿದೆ ಎಂಬ ಕಾರಣಕ್ಕೆ ತೇಪೆಯ ಕೆಲಸ ಹಿಡಿಯುವುದು ತಪ್ಪು ಕಾಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಬೆಳಗಿನ ಇಬ್ಬನಿ ಆರಿದ ಮೇಲೆ, ಹನ್ನೊಂದರಿಂದ ನಾಲ್ಕರ ನಡುವೆ ನೆರಳಿನಲ್ಲಿ ಮಾಡಿದ ತೇಪೆಗಳೇ ಗಟ್ಟಿ. ದ್ರಾವಕದ ಆವಿಯೂ ಗಟ್ಟಿಕಾರಕವೂ ಶ್ವಾಸಕೋಶಕ್ಕೆ ಹಾನಿಕರ. ಬಾಗಿಲು ಮುಚ್ಚಿದ ಗೂಡಂಗಡಿಯೊಳಗೆ, ಬೀಡಿ ಹಚ್ಚಿಕೊಂಡವರ ಪಕ್ಕದಲ್ಲಿ ಈ ಕೆಲಸ ಮಾಡಲೇಬಾರದು. ಕೈಗವಸೂ ರಾಸಾಯನಿಕ ಆವಿಯನ್ನು ಸೋಸುವ ಮುಖಗವಸೂ ಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಮಕ್ಕಳ ಬಳೆ, ಗಾಳಿ ಹಾಸಿಗೆ

ತೆಳು ವಿನೈಲಿನ ಆಟಿಕೆಯಲ್ಲಿ ತೂತು ಬೆಸುಗೆಯಿಂದ ದೂರದ ಸಪಾಟು ಜಾಗದಲ್ಲಿದ್ದರೆ ಜೊತೆಗೆ ಬಂದ ತೇಪೆಯೂ ವಿನೈಲ್ ಅಂಟೂ ಸಾಕು. ಅಂಟಿಸಿಕೊಳ್ಳುವ ಟಿಯರ್-ಏಡ್ ತೇಪೆ ಬಳಸುವವರು ವಿನೈಲಿಗೆ ಬಿ ಮಾದರಿಯನ್ನೇ ಆರಿಸಬೇಕು, ಎ ಮಾದರಿ ಬೇರೆ ವಸ್ತುಗಳಿಗೆ. ಬೆಸುಗೆಯ ಗೆರೆಯ ಮೇಲೆ ತೂತಿದ್ದರೆ ತೇಪೆ ಕೂರುವುದಿಲ್ಲ. ಆಗ ವಾಲ್ವಿನಿಂದ ಗಾಳಿಯನ್ನು ಹೀರಿ ತೆಗೆಯುತ್ತಾ ಬೆಸುಗೆಯ ಮೇಲೆ ತೆಳುವಾದ ವಿನೈಲ್ ಅಂಟನ್ನು ಹನಿಸಿದರೆ ಅದು ತೂತಿನೊಳಕ್ಕೆ ಎಳೆದುಕೊಂಡು ಹೋಗಿ ಹಿಡಿಯುತ್ತದೆ. ಊದುವ ಕೊಳವೆಯ ಬುಡ ಹರಿದಿದ್ದರೆ ಆ ಆಟಿಕೆಯನ್ನು ಬಿಸಾಡುವುದು ಸರಿ. ಮಗುವನ್ನು ಆಳದ ನೀರಿನಲ್ಲಿ ಹೊರಬೇಕಾದ ವಸ್ತು ಅದು ಮೊದಲಿನಿಂದಲೂ ಅಲ್ಲ, ತೇಪೆ ಬಿದ್ದ ಮೇಲಂತೂ ಅಲ್ಲವೇ ಅಲ್ಲ.

ದುರಸ್ತಿಗೆ ನಿಲ್ಲದವು, ಮತ್ತು ನೀರಿಗಿಳಿಸುವ ಮುನ್ನ

ಹಗ್ಗದ ಉಂಗುರದ ತಳದ ಬಟ್ಟೆ ಹರಿದಿದ್ದರೆ ಕಡಲತೀರದ ಅಂಟಿನಿಂದ ಅದನ್ನು ಸರಿಪಡಿಸಿ ಜನರನ್ನು ಕೂರಿಸುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪಲಾರೆ. ದೋಣಿ ಒಮ್ಮೆಗೇ ವೇಗ ಪಡೆದಾಗ ಆ ಉಂಗುರದ ಮೇಲೆ ಸುಲಿಯುವ ದಿಕ್ಕಿನ ಎಳೆತವೇ ಬೀಳುತ್ತದೆ, ಮತ್ತು ಕಿತ್ತ ಉಂಗುರ ಹಿಗ್ಗಿದ ಹಗ್ಗದ ತುದಿಯಲ್ಲಿ ದೋಣಿಯಲ್ಲಿರುವವರ ಕಡೆಗೆ ಹಾರಿ ಬರುತ್ತದೆ. ಅದನ್ನು ತಯಾರಕರಲ್ಲಿಯೋ ಬೆಸುಗೆ ಯಂತ್ರ ಇರುವಲ್ಲಿಯೋ ಬದಲಿಸಬೇಕು. ಬಿಸಿಲಿಗೆ ಗಡಸಾಗಿ, ಮಡಚಿದಾಗ ಬಿಳಿಯ ಗೆರೆ ಬೀಳುವ, ಸಾಬೂನಿನ ನೀರು ಹಚ್ಚಿದಲ್ಲೆಲ್ಲ ನೊರೆ ಏಳುವ ಟ್ಯೂಬಿನ ಆಯುಷ್ಯ ಮುಗಿದಿದೆ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ.

ದುರಸ್ತಿಯಾದ ಟ್ಯೂಬನ್ನು ಮೊದಲು ನೀರಿನ ಪೈಪಿನ ಪರೀಕ್ಷೆಯಲ್ಲಿ ಒಂದು ರಾತ್ರಿ ಇಟ್ಟು, ಆಮೇಲೆ ಎಂದಿನ ಒತ್ತಡಕ್ಕೆ ತುಂಬಿ, ತೇಪೆಯ ಅಂಚುಗಳಿಗೆ ಮತ್ತೊಮ್ಮೆ ಸಾಬೂನಿನ ನೀರು ಹಚ್ಚಿ ನೋಡಬೇಕು. ನಂತರ ಯಾರನ್ನೂ ಕೂರಿಸದೆ ದೋಣಿಯ ಹಿಂದೆ ಎಳೆದು ತಂದು, ಅಂಚು ಎದ್ದಿದೆಯೇ ಎಂದು ಉಗುರಿನಿಂದ ಪರೀಕ್ಷಿಸಬೇಕು. ತೇಪೆಯ ಪಕ್ಕದಲ್ಲಿ ದಿನಾಂಕ ಬರೆದಿಟ್ಟರೆ ಮುಂದಿನ ಸೋರಿಕೆ ಹಳೆಯ ತೇಪೆಯದೋ ಹೊಸ ತೂತಿನದೋ ಎಂಬ ಚರ್ಚೆ ಬೇಗ ಮುಗಿಯುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಸಿಹಿನೀರಿನಲ್ಲಿ ತೊಳೆದು, ಒಳಗೂ ಹೊರಗೂ ಒಣಗಿಸಿ, ಚೂಪಾದ ಮಡಿಕೆಗಳಿಲ್ಲದೆ ಸಡಿಲವಾಗಿ ಸುತ್ತಿ, ನೆಲಕ್ಕೆ ತಾಗದಂತೆ ತೂಗುಹಾಕಬೇಕು. ಗೋದಾಮಿನ ಮೂಲೆಯಲ್ಲಿ ಬಿಟ್ಟ ಟ್ಯೂಬನ್ನು ಇಲಿಗಳು ಮಡಿಕೆಯ ಗುಂಟ ಕಡಿಯುವುದರಿಂದ ಬಿಡಿಸಿದಾಗ ಒಂದೇ ಸಾಲಿನಲ್ಲಿ ಸಮದೂರದ ತೂತುಗಳು ಕಾಣುತ್ತವೆ. ಅಂಥ ಸಾಲು ಕಂಡಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ತೇಪೆ ಹಾಕದೆ, ಎಲ್ಲವನ್ನೂ ಮುಚ್ಚುವ ಉದ್ದನೆಯ ಒಂದೇ ಪಟ್ಟಿಯನ್ನು ಅಂಟಿಸಬೇಕು.